ಎದೆಗೆ ಕಟ್ಟಿದ ಕ್ಯಾಸೆಟ್ಟು

ಕೇಳುವ ಮೊದಲೇ ಕೊಟ್ಟವನಿಗೆ ಮೊದಲ ನಮಸ್ಕಾರ. ತಾಯಿಯ ಗರ್ಭದಲ್ಲಿ ಕಣ್ಣು ಮೂಡುವ ಮುನ್ನವೇ ಎದೆಯೊಳಗೆ ಒಂದು ಬಡಿತವನ್ನಿಟ್ಟು, ಅದನ್ನು ನಡೆಸುವ ಹೊಣೆಯನ್ನು ನನಗೆ ಬಿಡದೆ ತಾನೇ ಹೊತ್ತುಕೊಂಡ ಪರಶಿವನಿಗೆ ಶರಣು. ಆ ಬಡಿತದ ಜೊತೆಗೆ ಬಂದ ಉಸಿರಿಗೆ ಅಕ್ಷರವನ್ನು ಕೂಡಿಸಿಕೊಟ್ಟ ಗುರುವಿಗೆ ಶರಣು. ಆ ಅಕ್ಷರಕ್ಕೆ ವರ್ಷವರ್ಷವೂ ಕಿವಿಗೊಟ್ಟು ಕುಳಿತ ಹಳ್ಳಿಯ ಜನಕ್ಕೆ ಶರಣು. ಈ ಮೂವರ ಋಣವನ್ನು ನೆನೆದೇ ಮುಂದಿನ ಮಾತನ್ನು ಬರೆಯುತ್ತೇನೆ.

ಕೂಡ್ಲಿಗಿಯ ಪ್ರೌಢಶಾಲೆಯೊಂದರಲ್ಲಿ ಸಂಸ್ಕೃತ ಪಾಠ ಹೇಳಿ ನಿವೃತ್ತನಾದವನು ನಾನು, ಮನೆ ಕೊಟ್ಟೂರಿನಲ್ಲಿ. ಪ್ರತಿ ಶ್ರಾವಣ ಮಾಸದಲ್ಲಿ ಚಿಗಟೇರಿಗೆ ಹೋಗಿ ಒಂದು ತಿಂಗಳು ಸಂಜೆಯ ಪುರಾಣ ಹೇಳುವ ಸೇವೆ ಹದಿನೆಂಟು ವರ್ಷಗಳಿಂದ ನನ್ನ ಪಾಲಿಗೆ ಬಂದಿತ್ತು. ಷಟ್ಪದಿಯನ್ನು ರಾಗವಾಗಿ ಓದುವುದು, ಅರ್ಥ ಬಿಡಿಸುವುದು ನನ್ನ ಕೆಲಸ. ಪಕ್ಕದಲ್ಲಿ ತಬಲಾ ಹಿಡಿದು ಕೂರುವವನು ನನ್ನ ಬಾಲ್ಯದ ಗೆಳೆಯ. ಹಗಲಿನಲ್ಲಿ ಆತ ಕೊಟ್ಟೂರಿನ ಪೇಟೆಯಲ್ಲಿ ಬಟ್ಟೆ ಹೊಲಿಯುವ ದರ್ಜಿ. ಊರೆಲ್ಲ ನನ್ನನ್ನು ಶಾಸ್ತ್ರಿಗಳೆಂದು ಬಹುವಚನದಲ್ಲಿ ಕರೆದರೆ, ಅವನೊಬ್ಬನೇ ಐವತ್ತು ವರ್ಷಗಳಿಂದ 'ಲೇ ಶಾಸ್ತ್ರಿ' ಎನ್ನುತ್ತಿದ್ದಾನೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ವರ್ಷದ ಮಾಘ ಮಾಸ. ಹಡಗಲಿಯ ನೆಂಟರ ಮನೆಯಿಂದ ಬಸ್ಸಿನಲ್ಲಿ ಮರಳುತ್ತಿದ್ದೆ. ಎಡಗೈ ಭಾರವಾಯಿತು, ಮೈಯೆಲ್ಲ ಬೆವರಿತು. ಪಕ್ಕದಲ್ಲಿದ್ದವರು ಕೂಗಿದ್ದಷ್ಟೇ ನೆನಪು. ಚಾಲಕನು ಮಧ್ಯದ ಯಾವ ನಿಲುಗಡೆಯಲ್ಲೂ ನಿಲ್ಲಿಸದೆ, ಐವತ್ತು ಜನರಿದ್ದ ಬಸ್ಸನ್ನು ಹಾಗೆಯೇ ತಂದು ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಯ ಬಾಗಿಲಿಗೆ ನಿಲ್ಲಿಸಿದನಂತೆ. ಇಳಿಯಬೇಕಾದ ಊರು ದಾಟಿಹೋದರೂ ಒಬ್ಬರೂ ಗೊಣಗಲಿಲ್ಲವಂತೆ. ಹೃದಯಕ್ಕೆ ಬಿದ್ದ ಪೆಟ್ಟು ದೊಡ್ಡದಲ್ಲ, ಆದರೂ ಪೆಟ್ಟೇ ಎಂದರು ವೈದ್ಯರು.

ಅಂದಿನಿಂದ ನನ್ನ ಮನೆಯಾಕೆಗೆ ಒಂದು ಹೊಸ ವ್ರತ ಹತ್ತಿಕೊಂಡಿತು. ಆಸ್ಪತ್ರೆಯ ನರ್ಸ್ ಕಲಿಸಿಕೊಟ್ಟಿದ್ದಂತೆ, ದಿನವೂ ಬೆಳಗ್ಗೆ ನನ್ನ ಕೈಗಡಿಯಾರವನ್ನು ಮುಂದಿಟ್ಟುಕೊಂಡು, ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ನಾಡಿ ಎಣಿಸುತ್ತಿದ್ದಳು. ಎಪ್ಪತ್ತೆರಡು ಬಂದರೆ ಅವಳ ಮುಖ ಅರಳುತ್ತಿತ್ತು. ಒಂದೆರಡು ಹೆಚ್ಚುಕಡಿಮೆಯಾದರೆ ಅಂದಿನ ಪಲ್ಯಕ್ಕೆ ಉಪ್ಪು ಇನ್ನಷ್ಟು ಕಡಿಮೆಯಾಗುತ್ತಿತ್ತು. ನಾಡಿಯೆಂದರೆ ಗಡಿಯಾರದ ಹಾಗೆ ಒಂದೇ ಸಮ ನಡೆಯಬೇಕೆಂಬ ನಂಬಿಕೆ ಅವಳಿಗಷ್ಟೇ ಅಲ್ಲ, ನನಗೂ ಇತ್ತು.

ಆಷಾಢದ ಮೊದಲ ವಾರ ಚಿಗಟೇರಿಯ ಇಬ್ಬರು ಹಿರಿಯರು ಮನೆಗೆ ಬಂದರು. ಹಣ್ಣುಗಳನ್ನು ಮುಂದಿಟ್ಟು, ಬಹಳ ಸಂಕೋಚದಿಂದ ಮಾತು ತೆಗೆದರು.

"ಶಾಸ್ತ್ರಿಗಳ, ಈ ಸಲ ಶ್ರಾವಣಕ್ಕ ಹೆಂಗ್ರಿ? ನೀವು ಬರಂಗಿದ್ರ ನಮಗ ಅದಕ್ಕಿಂತ ಇನ್ನೇನು ಬೇಕು. ಆದ್ರ ನಿಮ್ಮ ಜೀವ ದೊಡ್ಡದು. ಅಮಾಸಿ ಒಳಗ ಒಂದು ಮಾತು ಹೇಳಿಬಿಡ್ರಿ. ಆಗಂಗಿಲ್ಲ ಅಂದ್ರ ಬ್ಯಾರೆಯವ್ರನ್ನ ನೋಡಬೇಕಾಗತೈತಿ."

"ಬ್ಯಾರೆಯವ್ರು ಬಂದ್ರ ತಬಲಾಕ್ಕೂ ಬ್ಯಾರೆಯವ್ರನ್ನ ನೋಡ್ಕೋರ್ರಿ," ಎಂದ, ಮೂಲೆಯಲ್ಲಿ ನನ್ನ ಜುಬ್ಬಕ್ಕೆ ಗುಂಡಿ ಹಚ್ಚುತ್ತ ಕುಳಿತಿದ್ದ ನನ್ನ ಗೆಳೆಯ, ತಲೆ ಎತ್ತದೆ.

ಅವರು ಹೋದ ಮೇಲೆ ನಾನು ದೇವರ ಮುಂದೆ ಬಹಳ ಹೊತ್ತು ಕುಳಿತೆ. ಪುರಾಣವಿಲ್ಲದ ಶ್ರಾವಣವನ್ನು ಹೇಗೆ ಕಳೆಯಬೇಕೆಂಬುದು ನನಗೆ ಗೊತ್ತಿರಲಿಲ್ಲ.

ಆ ಕಾಲದಲ್ಲಿ ಹರಪನಹಳ್ಳಿಯ ಒಂದು ಚಿಕ್ಕ ನರ್ಸಿಂಗ್ ಹೋಮಿಗೆ ಪ್ರತಿ ಗುರುವಾರ ನಗರದಿಂದ ಒಬ್ಬ ಹೃದಯ ತಜ್ಞೆ ಬರುತ್ತಿದ್ದರು. ಆ ಸೀಮೆಯಲ್ಲೇ ಹುಟ್ಟಿ ಬೆಳೆದ ಹೆಣ್ಣುಮಗಳು. ವಯಸ್ಸು ಮೂವತ್ತೈದರೊಳಗೆ, ಮಾತಿನಲ್ಲಿ ಸಕ್ಕರೆಯೂ ಇತ್ತು, ಛಡಿಯೂ ಇತ್ತು. ಪುರಾಣಕ್ಕೆ ಹೋಗಬಹುದೇ ಎಂಬ ನನ್ನ ಪ್ರಶ್ನೆಯನ್ನು ಕೇಳಿ ಅವರು ಕೂಡಲೇ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ.

"ಒಂದು ಹಗಲು, ಒಂದು ರಾತ್ರಿ ನಿಮ್ಮ ಎದೆ ಹೆಂಗೆ ನಡೀತೈತೆ ಅಂತ ನೋಡಬೇಕ್ರಿ ಅಜ್ಜರೆ. ಆಮೇಲೆ ಹೇಳ್ತೀನಿ," ಎಂದು, ಎದೆಯ ಮೇಲೆ ಐದಾರು ಕಡೆ ಬಿಲ್ಲೆಗಳನ್ನು ಅಂಟಿಸಿ, ಅವುಗಳಿಂದ ಬಂದ ತಂತಿಗಳನ್ನು ಸೊಂಟಕ್ಕೆ ಕಟ್ಟಿದ ಒಂದು ಪೆಟ್ಟಿಗೆಗೆ ಜೋಡಿಸಿದರು. ಪೆಟ್ಟಿಗೆ ಚಿಕ್ಕ ರೇಡಿಯೋದಷ್ಟಿತ್ತು. ಒಳಗೆ ಸಾಕ್ಷಾತ್ ಹಾಡಿನ ಕ್ಯಾಸೆಟ್ಟಿನಂಥದೇ ಒಂದು ಕ್ಯಾಸೆಟ್ಟು. ಅದು ಮೆಲ್ಲಮೆಲ್ಲಗೆ ಸುತ್ತುತ್ತ ಎದೆಯ ಪ್ರತಿಯೊಂದು ಬಡಿತವನ್ನೂ ಬರೆದುಕೊಳ್ಳುತ್ತದಂತೆ. ಜೊತೆಗೆ ಒಂದು ಹಾಳೆ ಕೊಟ್ಟು, ಯಾವ ಗಂಟೆಗೆ ಏನು ಮಾಡಿದಿರೆಂದು ಬರೆಯಿರಿ ಎಂದರು. ಮರುದಿನ ಬಂದು ಪೆಟ್ಟಿಗೆ ಬಿಚ್ಚಿಸಿದರೆ, ಕ್ಯಾಸೆಟ್ಟು ನಗರಕ್ಕೆ ಹೋಗಿ, ಮುಂದಿನ ಗುರುವಾರ ಅದರ ಚಿತ್ರ ಬರುತ್ತದೆ.

ಕೊಟ್ಟೂರಿಗೆ ಮರಳುವ ಬಸ್ಸಿನಲ್ಲಿ ಕಂಡಕ್ಟರನ ಕಣ್ಣು ನನ್ನ ಜುಬ್ಬದ ಕೆಳಗೆ ಇಣುಕಿದ ಪೆಟ್ಟಿಗೆಯ ಮೇಲೆ ಬಿತ್ತು.

"ಏನ್ರಿ ಶಾಸ್ತ್ರಿಗಳ, ಟೇಪು ತಂದೀರಿ? ಹಚ್ರಿ ಮತ್ತ, ದಾರಿ ಸಾಗತೈತಿ."

"ಇದು ಹಾಡುವುದಲ್ಲಪ್ಪ, ಕೇಳುವುದು," ಎಂದೆ.

"ಹಂಗಾರ ನಾವು ಬಾಯಿ ಮುಚ್ಕೊಂಡು ಕುಂದ್ರಬೇಕ್ರಿ!" ಎಂದು ಆತ ಹಿಂದಿನ ಸೀಟಿನವರಿಗೆಲ್ಲ ಕೈಸನ್ನೆ ಮಾಡಿದ.

ಇಲ್ಲಿ ನಾನು ಮಾಡಿದ ತಪ್ಪನ್ನು ಒಪ್ಪಿಕೊಳ್ಳಬೇಕು. ಹುಡುಗನಾಗಿದ್ದಾಗ ನನಗೆ ಓದು ಕಲಿಸಿದ ಗುರುಗಳು ಎದುರಿಗೆ ಎಣ್ಣೆಯ ದೀಪವಿಡುತ್ತಿದ್ದರು. ಪದ್ಯದ ಕೊನೆಯ ಅಕ್ಷರದವರೆಗೂ ಆ ಕುಡಿ ಅಲುಗದಂತೆ ಉಸಿರನ್ನು ಬಿಡಬೇಕು. ಅಲುಗಿದರೆ ಮತ್ತೆ ಮೊದಲಿನಿಂದ. ಅಲುಗದಿರುವುದೇ ಸಾಧನೆಯೆಂದು ಅಂದಿನಿಂದ ನನ್ನ ಮನಸ್ಸಿನಲ್ಲಿ ಬೇರೂರಿತ್ತು. ಹೀಗಾಗಿ ಎದೆಗೆ ಕಟ್ಟಿದ ಪೆಟ್ಟಿಗೆಯನ್ನೂ ನಾನೊಂದು ಪರೀಕ್ಷೆಯೆಂದೇ ಬಗೆದೆ. ಗೆರೆ ಎಷ್ಟು ಸಮನಾಗಿ ಬಂದರೆ ಅಷ್ಟು ಅಂಕ. ಅಂಕ ಬಂದರೆ ಚಿಗಟೇರಿ.

ಮನೆಗೆ ಬಂದವನೇ ಮೌನವ್ರತ ಹಿಡಿದೆ. ಗೋಡೆಗೆ ಬೆನ್ನುಕೊಟ್ಟು ಪದ್ಮಾಸನದಲ್ಲಿ ಕುಳಿತೆ. ಉಸಿರನ್ನು ಆಳಕ್ಕೆ ಬಿಡದೆ ಮೇಲುಮೇಲಕ್ಕೆ ತೆಗೆದುಕೊಂಡೆ. ಅನ್ನ ಜೀರ್ಣವಾಗುವಾಗ ಎದೆ ಜೋರಾಗಬಹುದೆಂದು ಊಟ ಬಿಟ್ಟೆ. ನಿದ್ರೆಯಲ್ಲಿ ಕನಸು ಬಿದ್ದರೆ ಗೆರೆ ಹಾಳಾದೀತೆಂದು ನಿದ್ರೆಯನ್ನೂ ಬಿಟ್ಟೆ. ಮನೆಯಾಕೆ ಎದುರಿಗೆ ಬಂದು ನಿಂತು, "ಏನ್ರಿ, ಚಾನಾದ್ರೂ ಕುಡೀರಿ," ಎಂದರೆ ಕಣ್ಣಿನಲ್ಲೇ ಬೇಡವೆಂದೆ.

ಸಂಜೆಗೆ ಗೆಳೆಯ ಬಂದ. ಕೊರಳಲ್ಲಿ ಅಳತೆಯ ಟೇಪು ಹಾಗೆಯೇ ಇತ್ತು. ನನ್ನನ್ನು ನೋಡಿ, ಮನೆಯಾಕೆಯನ್ನು ನೋಡಿ, ಏನೂ ಕೇಳದೆ ಪಕ್ಕದಲ್ಲಿ ಕುಳಿತು ನನ್ನ ಮಣಿಕಟ್ಟು ಹಿಡಿದ. ತಬಲಾ ಬಾರಿಸಿದ ಬೆರಳುಗಳು. ಬಹಳ ಹೊತ್ತು ಹಾಗೆಯೇ ಇದ್ದವು.

"ಲೇ ಶಾಸ್ತ್ರಿ, ಇದೇನಲೇ ಇದು? ಹಿಟ್ಟಿನ ಗಿರಣಿ ನಡದಂಗ ನಡದೈತಿ. ಟುಕ್ ಟುಕ್ ಟುಕ್ ಟುಕ್. ನಿನ್ನ ಕೈ ಹಂಗ ಇರಲಿಲ್ಲಲೇ."

ಸಮನಾಗಿದೆಯೆಂದು ಆತ ಹೊಗಳಿದನೆಂದೇ ತಿಳಿದು, ನಾನು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಹಿಗ್ಗಿದೆ.

ಮರುದಿನ ಪೆಟ್ಟಿಗೆ ಬಿಚ್ಚಿಸಿಕೊಂಡು ಬಂದೆವು. ಮುಂದಿನ ಗುರುವಾರ ನಾನು ಇಸ್ತ್ರಿ ಮಾಡಿದ ಜುಬ್ಬ ತೊಟ್ಟು, ಮನೆಯಾಕೆಯೊಡನೆ ಹರಪನಹಳ್ಳಿಗೆ ಹೋದೆ. ವೈದ್ಯೆ ಮೇಜಿನ ಮೇಲೆ ಉದ್ದನೆಯ ಕಾಗದವನ್ನು ಬಿಡಿಸಿ ನೋಡುತ್ತಿದ್ದರು. ಅವರ ಮುಖದಲ್ಲಿ ನಗುವಿರಲಿಲ್ಲ.

"ತಾಳ ತಪ್ಪೋ ಕೆಟ್ಟ ಬಡಿತ ಹೆಚ್ಚೇನೂ ಇಲ್ರಿ ಅಜ್ಜರೆ, ಅದು ಒಳ್ಳೇದೇ. ಆದ್ರೆ ಗೆರೆ ನೋಡ್ರಿ, ಹಾಸಿದ ಚಾಪೆ ಇದ್ದಂಗೆ ಐತೆ. ಏರಿಲ್ಲ, ಇಳಿವಿಲ್ಲ. ಹೃದಯಕ್ಕೆ ಪೆಟ್ಟು ಬಿದ್ದೋರಲ್ಲಿ ಹಿಂಗೆ ಒಂದೇ ಸಮ ಬಂದ್ರೆ ನಮಗೆ ಚಿಂತೆ. ಇದನ್ನ ನೋಡಿ ನಿಮ್ಮನ್ನ ಪುರಾಣಕ್ಕೆ ಕಳ್ಸೋಕೆ ನನಗೆ ಧೈರ್ಯ ಸಾಲದು."

ಎಷ್ಟು ಶ್ರಮಪಟ್ಟು ಗಳಿಸಿದ ಸಮತೆ! ಮನೆಯಾಕೆ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆಗ ವೈದ್ಯೆಯ ಕೈ ನಾನು ಬರೆದಿದ್ದ ಹಾಳೆಯ ಮೇಲೆ ಬಿತ್ತು. ಅವರು ಗಟ್ಟಿಯಾಗಿಯೇ ಓದತೊಡಗಿದರು.

"ಮಧ್ಯಾಹ್ನ ಎರಡು ಗಂಟೆ, ಮೌನಪೂರ್ವಕ ಪದ್ಮಾಸನ. ಮೂರು ಗಂಟೆ, ಪೂರ್ವವತ್. ನಾಕು ಗಂಟೆ, ಪೂರ್ವವತ್. ಐದು, ಪೂರ್ವವತ್..." ಅವರು ತಲೆಯೆತ್ತಿದರು. "ಪೂರ್ವವತ್ ಅಂದ್ರೆ?"

"ಮೊದಲಿನಂತೆಯೇ, ಎಂದು."

"ಊಟ ಮಾಡಿದ್ದು ಎಲ್ಲಿ ಬರ್ದೀರಿ?"

"ಉಪವಾಸ."

"ಮಲಗಿದ್ದು?"

"ಜಾಗರಣೆ."

ಮನೆಯಾಕೆಗೆ ತಡೆಯಲಾಗಲಿಲ್ಲ. "ನನ್ನ ಕೂಡ ಒಂದ ಮಾತಾಡಿಲ್ರೀ ಡಾಕ್ಟ್ರಮ್ಮ! ಗೆರಿ ಕೆಡತೈತಂತ ಕೆಮ್ಮು ಬಂದ್ರ ಅದನ್ನೂ ನುಂಗಿಕೊಂಡ್ರು. ನಾನು ಇವರ ಮುಂದ ಕುಂತು ಅಳೋದೊಂದು ಬಾಕಿ ಇತ್ತು."

ವೈದ್ಯೆ ಆ ಹಾಳೆಯಿಂದ ಮುಖ ಮುಚ್ಚಿಕೊಂಡು ನಕ್ಕರು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಕುರ್ಚಿಯನ್ನು ನನ್ನ ಕಡೆಗೆ ಎಳೆದುಕೊಂಡರು.

"ಅಜ್ಜರೆ, ನಿಮ್ಮ ಬೆರಳು ನಿಮ್ಮ ನಾಡಿ ಮೇಲೆ ಇಡ್ರಿ. ಹಾಂ. ಈಗ ನಿಧಾನಕ್ಕೆ, ತುಂಬಾ ಉಸಿರು ಎಳ್ಕೊಳ್ರಿ. ಏನಾತು?"

ನಾಡಿ ತುಸು ಚುರುಕಾಯಿತು.

"ಈಗ ಬಿಡ್ರಿ. ಪದ್ಯದ ಕೊನೆ ಸಾಲು ಹೇಳ್ತೀರಲ್ಲ, ಹಂಗೆ ಉದ್ದಕ್ಕೆ."

ನಾಡಿ ನಿಧಾನವಾಯಿತು. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಎಡೆ ಅಗಲವಾಗುತ್ತ ಹೋದದ್ದು ಬೆರಳಿಗೆ ಸ್ಪಷ್ಟವಾಗಿ ತಿಳಿಯಿತು. ಮತ್ತೆ ಎಳೆದುಕೊಂಡೆ, ಚುರುಕು. ಮತ್ತೆ ಬಿಟ್ಟೆ, ನಿಧಾನ. ಐವತ್ತು ವರ್ಷಕ್ಕೂ ಮಿಕ್ಕಿ ಉಸಿರನ್ನೇ ಬಂಡವಾಳ ಮಾಡಿಕೊಂಡು ಬದುಕಿದವನಿಗೆ, ಅದರ ಹಿಂದೆಯೇ ಎದೆ ಹೀಗೆ ಹೆಜ್ಜೆ ಹಾಕುತ್ತದೆಂಬುದು ಅಂದೇ ಮೊದಲು ಗೊತ್ತಾದದ್ದು.

"ಇದು ಜೀವದ ಲಕ್ಷಣ," ಎಂದರು ವೈದ್ಯೆ. "ಎದ್ರೆ ಏರಬೇಕು, ಕುಂತ್ರೆ ಇಳೀಬೇಕು. ನಕ್ಕಾಗ ಒಂದು ಥರ, ನಿದ್ದೇಲಿ ಒಂದು ಥರ. ಮಕ್ಕಳಲ್ಲಿ ಈ ಆಟ ಬಹಳ. ವಯಸ್ಸಾದಂಗೆ ಕಡಿಮೆ ಆಗ್ತೈತೆ. ಹೃದಯಕ್ಕೆ ಪೆಟ್ಟು ಬಿದ್ಮೇಲೆ ಇನ್ನೂ ಕಡಿಮೆ. ನಿಮ್ಮಲ್ಲಿ ಎಷ್ಟು ಉಳಿದೈತೆ ಅಂತ ನೋಡೋಕೆ ಇದನ್ನ ಕಟ್ಟಿದ್ರೆ, ನೀವು ಇರೋದನ್ನೂ ಹಿಡಿದು ಕಟ್ಟಿಹಾಕೀರಿ! ಇವತ್ತು ಮತ್ತೆ ಕಟ್ತೀನಿ. ಈ ಸಲ ಉಪವಾಸ ಇಲ್ಲ, ಜಾಗರಣೆ ಇಲ್ಲ. ಪೂರ್ವವತ್ ಅಂತ ಒಂದು ಕಡೆ ಕಂಡ್ರೂ ಕಾಗದ ಹರಿದು ಹಾಕ್ತೀನಿ. ಮನೇಲಿ ಹೆಂಗಿರ್ತೀರೋ ಹಂಗೆ ಇರ್ರಿ. ನಡೀರಿ, ಮಾತಾಡ್ರಿ, ಮೆಲ್ಲಗೆ ನಿಮ್ಮ ಪದ್ಯಾನೂ ಓದ್ರಿ."

ಹಿಂದಿರುಗುವ ಬಸ್ಸಿನಲ್ಲಿ ಮನೆಯಾಕೆ ದಾರಿಯುದ್ದಕ್ಕೂ ಉಸಿರೆಳೆದು, ಬಿಟ್ಟು, ತನ್ನ ನಾಡಿಯನ್ನು ತಾನೇ ಹಿಡಿದು ನೋಡಿಕೊಂಡಳು. "ನಂದೂ ಆಡತೈತಿ ನೋಡ್ರಿ!" ಎಂದು ಮುಂದಿನ ಸೀಟಿನವರು ತಿರುಗುವಷ್ಟು ಗಟ್ಟಿಯಾಗಿ ಹೇಳಿದಳು.

ಆ ಎರಡನೆಯ ಕ್ಯಾಸೆಟ್ಟಿನ ದಿನವನ್ನು ನೆನೆದರೆ ಈಗಲೂ ಮೈ ಹಗುರಾಗುತ್ತದೆ. ಸುದ್ದಿ ಕೇಳಿದ ಗೆಳೆಯ ಮೊದಲು ಮಾಡಿದ ಕೆಲಸವೆಂದರೆ, ನನ್ನ ಜುಬ್ಬದ ಉಳಿದ ಬಟ್ಟೆಯಲ್ಲೇ ಆ ಪೆಟ್ಟಿಗೆಗೊಂದು ಚೀಲ ಹೊಲಿದು ಹೆಗಲಿಗೆ ಹಾಕಿದ್ದು. "ಸೊಂಟಕ್ಕ ಕಟ್ಟಿಕೊಂಡ್ರ ನೀ ಬಿಲ್ಲೆ ಅಂಟಿಸಿದ ರೋಗಿ. ಹೆಗಲಿಗೆ ಹಾಕಿಕೊಂಡ್ರ ಶಾಸ್ತ್ರಿ," ಎಂದ. ಅವನ ಅಂಗಡಿಯವರೆಗೂ ಇಬ್ಬರೂ ನಡೆದು ಹೋದೆವು. ಅಲ್ಲಿ ಒಗ್ಗರಣೆ ಮಂಡಕ್ಕಿ ತರಿಸಿದ. ನನ್ನ ಪಾಲಿನದರಲ್ಲಿ ಎಣ್ಣೆಯೂ ಇಲ್ಲ, ಮೆಣಸಿನಕಾಯಿಯೂ ಇಲ್ಲ. ತನ್ನ ಪೊಟ್ಟಣದ ಮೆಣಸಿನಕಾಯಿಯನ್ನು ನನ್ನ ಕಣ್ಣೆದುರಿಗೇ ಕಚ್ಚಿ, "ನೋಡಿದ್ರ ಸಾಕು, ಎದಿ ಏರತೈತಿ. ಬರಕೋ," ಎಂದ.

ಮನೆಗೆ ಬಂದರೆ ಮನೆಯಾಕೆ ಜಗುಲಿಯ ಕಲ್ಲಿನ ಮೇಲೆ ಸುಣ್ಣದಿಂದ ಚೌಕಾಬಾರದ ಮನೆ ಬರೆದು, ಕವಡೆಗಳನ್ನು ಹಿಡಿದು ಕಾಯುತ್ತಿದ್ದಳು. ಐದು ತಿಂಗಳಿಂದ ಆಟವನ್ನೇ ನಿಲ್ಲಿಸಿದ್ದವಳು. ಸೋತರೆ ನನಗೆ ಸಿಟ್ಟು ಬರುತ್ತದೆಂಬ ಭಯ. ಅಂದು ಯಾವ ದಯೆಯನ್ನೂ ತೋರಲಿಲ್ಲ. ಮನೆ ಸೇರಲಿದ್ದ ನನ್ನ ಕಾಯಿಯನ್ನು ಹೊಡೆದು, ಚಪ್ಪಾಳೆ ತಟ್ಟಿದಳು.

"ಅದು ನಾಲ್ಕಲ್ಲ, ಮೂರು! ಕವಡೆ ಮಗ್ಗುಲಾಗಿ ಬಿದ್ದಿದೆ," ಎಂದು ನಾನು ದನಿ ಏರಿಸಿದೆ.

"ಸಿಟ್ಟು ಬಂತೇನ್ರಿ? ಬರೀರಿ, ಅದನ್ನೂ ಬರೀರಿ ಹಾಳ್ಯಾಗ!"

ಬರೆದೆ. "ಐದು ಗಂಟೆ: ಪತ್ನಿಯಿಂದ ಚೌಕಾಬಾರದಲ್ಲಿ ಪರಾಭವ. ಐದೂವರೆ: ಪುನಃ ಪರಾಭವ."

ಸಂಜೆ ದೀಪ ಹಚ್ಚಿದ ಮೇಲೆ ಗೆಳೆಯ ತಬಲಾ ತಂದ. ಐದು ತಿಂಗಳಿನಿಂದ ಮುಟ್ಟದೆ ಇಟ್ಟಿದ್ದ ಪುಸ್ತಕದ ಬಟ್ಟೆ ಬಿಚ್ಚಿ, ಕಣ್ಣಿಗೊತ್ತಿಕೊಂಡು, ಮೆಲುದನಿಯಲ್ಲಿ ಮೊದಲ ಪದ್ಯವನ್ನು ಎತ್ತಿದೆ. ಆರಂಭದಲ್ಲಿ ದನಿ ನಡುಗಿತು. ಮೂರನೆಯ ಪದ್ಯಕ್ಕೆ ಉಸಿರು ತನ್ನ ಹಳೆಯ ದಾರಿಯನ್ನು ಕಂಡುಕೊಂಡಿತು. ಅಂದು ನಾನು ಹೊಸದಾಗಿ ಗಮನಿಸಿದ್ದು ಗೆಳೆಯನ ಬೆರಳನ್ನು. ಪದ್ಯದ ಕೊನೆಯಲ್ಲಿ ನಾನು ದನಿಯನ್ನು ಎಳೆದಷ್ಟೂ ಅವನು ಕಾಯುತ್ತಿದ್ದ. ನಾನು ಉಸಿರು ತೆಗೆದುಕೊಂಡೊಡನೆ ತುಸು ಮುಂದೊತ್ತಿ ನನ್ನನ್ನು ಎತ್ತಿಕೊಳ್ಳುತ್ತಿದ್ದ. ಹದಿನೆಂಟು ವರ್ಷ ಅವನು ಹೀಗೆಯೇ ಬಾರಿಸಿದ್ದ. ನಾನು ಅದನ್ನು ತಾಳವೆಂದು ಕರೆದು ಸುಮ್ಮನಿದ್ದೆ.

ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಬಂದು ಜಗುಲಿ ತುಂಬಿದರು. ಮಂಗಳಾರತಿಯ ಬಳಿಕ ಎದುರು ಮನೆಯ ಹೆಣ್ಣುಮಗಳು ನನ್ನ ಹೆಗಲ ಚೀಲವನ್ನೇ ನೋಡುತ್ತ ಕೇಳಿದಳು: "ಶಾಸ್ತ್ರಿಗಳ, ಇವತ್ತಿಂದು ಪೂರಾ ಅದರಾಗ ತುಂಬೈತೇನ್ರಿ? ನಮಗೂ ಒಂದು ಕಾಪಿ ಮಾಡಿಸಿಕೊಡ್ರಿ."

"ಅದರಾಗ ಹಾಡಿಲ್ಲವ್ವ, ಬರೇ ಇವರ ಎದಿ ಬಡತ ಐತಿ," ಎಂದಳು ಮನೆಯಾಕೆ.

"ಅದನ್ನ ಕೊಡ್ರಿ ಮತ್ತ. ಪುರಾಣ ಬಂದಿದ್ದೂ ಅಲ್ಲಿಂದನ ಅಲ್ಲೇನ್ರಿ?"

ಅಂದು ಹೊಟ್ಟೆ ತುಂಬ ಉಂಡು, ಬೇಗ ಮಲಗಿ, ಚೆನ್ನಾಗಿ ನಿದ್ರೆ ಮಾಡಿದೆ.

ಮುಂದಿನ ಗುರುವಾರ ಬಂದಾಗ ಅಮಾವಾಸ್ಯೆಗೆ ಎರಡೇ ದಿನ ಉಳಿದಿತ್ತು. ಮೂವರೂ ಹೋದೆವು. ಗೆಳೆಯ ಅಂಗಡಿಗೆ ಬೀಗ ಹಾಕಿ ಬಂದಿದ್ದ. ಕಾಗದವನ್ನು ಬಿಡಿಸುವ ಮೊದಲೇ ವೈದ್ಯೆ ನನ್ನ ಹಾಳೆಯನ್ನು ಹಿಡಿದು, "ಪುನಃ ಪರಾಭವ," ಎಂದು ಓದಿ ಮನೆಯಾಕೆಯ ಕಡೆ ನೋಡಿ ಕೈ ಮುಗಿದರು. ಆಮೇಲೆ ಗೆರೆ ತೋರಿಸಿದರು. ಅದೇ ಎದೆ, ಬೇರೆಯದೇ ಚಿತ್ರ. ನಡೆದಾಗ ಏರಿತ್ತು, ನಿದ್ರೆಯಲ್ಲಿ ಇಳಿದು ಅಗಲವಾಗಿ ಹರಡಿತ್ತು, ಚೌಕಾಬಾರದ ಹೊತ್ತಿಗೆ ಮುಳ್ಳುಮುಳ್ಳಾಗಿತ್ತು.

"ಪ್ರಾಯದೋರಷ್ಟು ಇಲ್ಲ. ಸುಳ್ಳು ಹೇಳಂಗಿಲ್ಲ ನಾನು. ಆದ್ರೆ ನಿಮ್ಮ ವಯಸ್ಸಿಗೆ, ನಿಮಗಾದ ಪೆಟ್ಟಿಗೆ, ಇದು ಚೆನ್ನಾಗೈತೆ. ಇದೊಂದು ನೋಡ್ರಿ," ಎಂದು ಸಂಜೆಯ ಭಾಗಕ್ಕೆ ಬೆರಳಿಟ್ಟರು. ಅಲ್ಲಿ ಗೆರೆ ನಿಧಾನವಾದ ಅಲೆಗಳಾಗಿ, ಏರಿ ಇಳಿದು, ಏರಿ ಇಳಿದು ಸಾಗಿತ್ತು. "ಇಲ್ಲಿ ಏನು ಮಾಡ್ತಿದ್ರಿ?"

ಹಾಳೆಯಲ್ಲಿ ಬರೆದಿತ್ತು: ಪುರಾಣ ಪಠನ.

ಗೆಳೆಯ ಕುರ್ಚಿಯಿಂದೆದ್ದು ಮೇಜಿನ ಮೇಲೆ ಬಾಗಿದ. ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಬಟ್ಟೆಯ ಅಂಚು ನೋಡುವವನಂತೆ ಆ ಗೆರೆಯ ಮೇಲೆ ಬೆರಳೋಡಿಸಿದ. ಇನ್ನೊಂದು ಕೈ ತಾನೇ ತಾನಾಗಿ ಮೇಜಿನ ಅಂಚಿನಲ್ಲಿ ಬಾರಿಸತೊಡಗಿತ್ತು.

"ಇಲ್ಲಿ ಪದ್ಯ ಎತ್ತಿದಿ... ಇಲ್ಲಿ ಎಳದಿ... ಇಲ್ಲಿ ನಾ ಕಾದೆ... ಲೇ ಶಾಸ್ತ್ರಿ, ಇದು ನಮ್ಮದ ಐತಲೇ!"

ಕೊರಳಲ್ಲೇ ಉಳಿದಿದ್ದ ಅಳತೆಯ ಟೇಪಿನ ತುದಿಯಿಂದ ಕಣ್ಣೊರೆಸಿಕೊಂಡ. ವೈದ್ಯೆ ಕಾಗದವನ್ನು ಮೆಲ್ಲಗೆ ಮಡಚಿ ಪಕ್ಕಕ್ಕಿಟ್ಟರು.

"ಉಳಿದ ಪರೀಕ್ಷೆಗಳೂ ಸರಿ ಅದಾವೆ. ಹೋಗಿ ಬರ್ರಿ ಚಿಗಟೇರಿಗೆ," ಎಂದರು. "ಆದ್ರೆ ಕರಾರು. ದಿನಕ್ಕೆ ಅರ್ಧ ಗಂಟೆ."

"ಡಾಕ್ಟ್ರಮ್ಮ, ಅರ್ಧ ಗಂಟ್ಯಾಗ ದೇವರಿಗೆ ಕೈ ಮುಗಿಯೋದ ಮುಗಿಯಂಗಿಲ್ರಿ," ಎಂದ ಗೆಳೆಯ. "ಒಂದು ತಾಸು ಮಾಡ್ರಿ."

"ನೀವೇನು ಅಂಗಿಗೆ ಬಟ್ಟೆ ಕೇಳ್ತೀರೇನ್ರಿ? ಆಯ್ತು, ಅರ್ಧ ಗಂಟೆ ಓದು, ಆಮೇಲೆ ಹತ್ತು ನಿಮಿಷ ಇವರು ಸುಮ್ಮನೆ ಕುಂತು ನೀರು ಕುಡೀಲಿ. ನೀವೊಬ್ಬರೇ ಬಾರಿಸ್ರಿ. ಮತ್ತೆ ಅರ್ಧ ಗಂಟೆ. ಗುಳಿಗೆ ಒಂದಿನಾನೂ ತಪ್ಪಂಗಿಲ್ಲ. ಎದೆ ಹಿಡಿದಂಗಾದ್ರೆ ಪದ್ಯ ಅರ್ಧಕ್ಕಿದ್ರೂ ಅಲ್ಲೇ ನಿಲ್ಲಿಸಬೇಕು."

"ತಬಲಾಕ್ಕ ಹತ್ತು ನಿಮಿಷ! ಹದಿನೆಂಟು ವರ್ಷದಾಗ ಈ ಶಾಸ್ತ್ರಿ ನನಗ ಎರಡು ನಿಮಿಷ ಬಿಟ್ಟುಕೊಟ್ಟಿರಲಿಲ್ರಿ," ಎಂದು ಗೆಳೆಯ ಕೈ ಮುಗಿದ.

ಅಂದೇ ಮಧ್ಯಾಹ್ನ ಹರಪನಹಳ್ಳಿಯಿಂದಲೇ ಚಿಗಟೇರಿಗೆ ಹೇಳಿ ಕಳಿಸಿದೆವು.

ಶ್ರಾವಣದ ಮೊದಲ ಸಂಜೆ ಎಂದಿನ ಗದ್ದುಗೆಯ ಮೇಲೆ ಕುಳಿತೆ. ಮನೆಯಾಕೆ ಎದುರಿಗೇ, ಹೆಂಗಸರ ಮೊದಲ ಸಾಲಿನಲ್ಲಿ, ತಂಬಿಗೆಯಲ್ಲಿ ನೀರು ಹಿಡಿದು ಕುಳಿತಿದ್ದಳು. ಕೈಗಡಿಯಾರವನ್ನು ಮನೆಯಲ್ಲೇ ಬಿಟ್ಟು ಬಂದಿದ್ದಳು. ನನ್ನ ಮುಂದೆ ದೀಪವಿತ್ತು. ಹೊರಗೆ ತುಂತುರು ಹನಿಯುತ್ತಿದ್ದು, ತೆರೆದ ಬಾಗಿಲಿನಿಂದ ಬಂದ ಗಾಳಿಗೆ ಕುಡಿ ಬಾಗುವುದು, ಏಳುವುದು, ಮತ್ತೆ ಬಾಗುವುದು. ಬಾಗಿಲು ಮುಂದೆ ಮಾಡಲು ಒಬ್ಬರು ಎದ್ದರು. ಬೇಡವೆಂದು ಕೈಸನ್ನೆ ಮಾಡಿ, ತುಂಬ ಉಸಿರೆಳೆದುಕೊಂಡು ಪದ್ಯವನ್ನು ಎತ್ತಿದೆ. ಅರ್ಧ ಗಂಟೆಯಾದೊಡನೆ ಗೆಳೆಯ ಕರಾರಿನಂತೆ ನನ್ನನ್ನು ನಿಲ್ಲಿಸಿ ತಾನೊಬ್ಬನೇ ಬಾರಿಸಿದ. ಆ ಹತ್ತು ನಿಮಿಷ ಹದಿನೈದಾದವು, ಜನ ಬಿಡಲಿಲ್ಲ. ಮೂರನೆಯ ಗುರುವಾರ, ಕೆಲಸ ಮುಗಿಸಿದ ವೈದ್ಯೆಯೂ ಬಂದು ಹೆಂಗಸರ ನಡುವೆ ಕುಳಿತರು. ಪದ್ಯದ ಕೊನೆಯಲ್ಲಿ ನಾನು ದನಿ ಎಳೆದಾಗ ಅವರ ಬಲಗೈಯ ಬೆರಳು ಎಡ ಮಣಿಕಟ್ಟಿನ ಮೇಲಿತ್ತು. ತಮ್ಮ ನಾಡಿಯನ್ನು ತಾವೇ ಹಿಡಿದು, ಕಣ್ಣು ಮುಚ್ಚಿ ಕೇಳುತ್ತಿದ್ದರು.

ಬಸ್ಸನ್ನು ಆಸ್ಪತ್ರೆಯ ಬಾಗಿಲಿಗೆ ತಂದ ಆ ಚಾಲಕನಿಗೂ, ತಮ್ಮ ಊರು ದಾಟಿದರೂ ಸುಮ್ಮನಿದ್ದ ಆ ಐವತ್ತು ಜನರಿಗೂ ದೀರ್ಘಾಯುಸ್ಸು ಬರಲಿ. ಗದರಿಸಿ ಬದುಕಿಸಿದ ಆ ಹೆಣ್ಣುಮಗಳ ಕೈಗುಣ ಬೆಳೆಯಲಿ. ಕಾದು ಬಾರಿಸುವ ಗೆಳೆಯನ ಬೆರಳುಗಳಿಗೆ ನೋವು ಬಾರದಿರಲಿ. ನನ್ನ ಮನೆಯಾಕೆ ಕವಡೆ ಹಾಕಿದಾಗಲೆಲ್ಲ ಅವಳಿಗೇ ಗೆಲುವಾಗಲಿ. ಕಾಪಿ ಕೇಳಿದ ಎದುರು ಮನೆಯ ಮಗಳಿಂದ ಹಿಡಿದು ಚಿಗಟೇರಿಯ ಗೋಡೆಯಂಚಿಗೆ ನಿಂತು ಕೇಳಿದವರವರೆಗೆ, ಈ ಕಥೆಯಲ್ಲಿ ಪಾಲುಗೊಂಡ ಎಲ್ಲರ ಎದೆಯೂ ಏರುವಲ್ಲಿ ಏರಲಿ, ಇಳಿಯುವಲ್ಲಿ ಇಳಿಯಲಿ, ನೂರು ಶ್ರಾವಣಗಳನ್ನು ಕಾಣಲಿ.